ಅಮೆರಿಕದ ಗೋಡೆಗೊಂದು ಕೊಸರು ಕಲ್ಲು

ವಾಡಿ ಜಂಕ್ಷನ್

ನಾನು ಅಮೆರಿಕಕ್ಕೆ ಹೋದದ್ದು ಜ್ಞಾನ ಸಂಪಾದನೆಗಲ್ಲ, ಫರಸಿ ಕಲ್ಲಿನ ಬೆನ್ನು ಹತ್ತಿ. ಶಹಾಬಾದಿನಲ್ಲಿ ನನ್ನದೊಂದು ಕಲ್ಲು ಪಾಲಿಷ್ ಮಾಡುವ ಕಾರ್ಖಾನೆ ಇದೆ. ನಮ್ಮ ಕಲ್ಲನ್ನು ನೀವು ಎಲ್ಲಾದರೂ ತುಳಿದೇ ಇರುತ್ತೀರಿ: ರೈಲ್ವೆ ಸ್ಟೇಷನ್ನಿನಲ್ಲಿ, ಸರಕಾರಿ ದವಾಖಾನೆಯಲ್ಲಿ, ಕಲ್ಯಾಣ ಮಂಟಪದ ಊಟದ ಮನೆಯಲ್ಲಿ. ತುಳಿಸಿಕೊಳ್ಳುವುದೇ ಅದರ ಉದ್ಯೋಗ. ಅಂಥ ಕಲ್ಲನ್ನು ಅಮೆರಿಕದ ಒಂದು ಸಣ್ಣ ಊರಿನವರು ಗೋಡೆಗೆ ಹಚ್ಚಿ, ಅದರ ಮೇಲೆ ತಮ್ಮ ಮಹಾಪುರುಷರ ಹೆಸರು ಕೆತ್ತಿಸುತ್ತೇವೆ ಎಂದಾಗ, ಕಲ್ಲಿಗೂ ಒಂದು ಕಾಲ ಬರುತ್ತದೆ ಎಂದುಕೊಂಡೆ. ಆ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಅವರಿಗೆ ಇನ್ನೊಂದು ಕಂಟೇನರ್ ಮಾರುವ ಆಸೆ ನನಗಿನ್ನೂ ಇದೆ.

ಮಹಾಪುರುಷರೆಂದರೆ ಬೇಸ್‌ಬಾಲ್ ಆಟಗಾರರು. ಆ ಊರಿಗೆ ಸಂಬಳ ತೆಗೆದುಕೊಂಡು ಆಡುವವರ ಒಂದು ಹಳೆಯ ಕ್ಲಬ್ಬು, ಕ್ಲಬ್ಬಿಗೊಂದು ಮೈದಾನ, ಮೈದಾನಕ್ಕೊಂದು ಕಮಿಟಿ. ಕಮಿಟಿ ಕೇಳಿದ್ದು ಹನ್ನೆರಡು ಕಲ್ಲು. ನಮ್ಮ ಪ್ಯಾಕಿಂಗ್ ನೋಡಿಕೊಳ್ಳುವ ಗಫೂರ್ ಭಾಯಿ ಇಟ್ಟದ್ದು ಹದಿಮೂರು. ಇದು ತಪ್ಪಲ್ಲ, ನಮ್ಮ ಕಡೆಯ ಕೊಸರು. ಚಿತ್ತಾಪುರದ ಸಂತೆಯಲ್ಲಿ ಬದನೆಕಾಯಿ ತೂಗಿ ಆದ ಮೇಲೆ ಇನ್ನೊಂದು ಕಾಯಿ ಚೀಲಕ್ಕೆ ಹಾಕದಿದ್ದರೆ, ಆ ವ್ಯಾಪಾರಿಯ ತಕ್ಕಡಿಗಿಂತ ಅವನ ಮನೆತನದ ಮೇಲೆಯೇ ಅನುಮಾನ ಬರುತ್ತದೆ. ಹಾಲು ಅಳೆದವನು ಮತ್ತೊಂದು ಹನಿ ಸುರಿಯಬೇಕು. ಕಲ್ಲಿನವನು ಒಂದು ಕಲ್ಲು ಹೆಚ್ಚು ಕೊಡಬೇಕು, ಏಕೆಂದರೆ ದಾರಿಯಲ್ಲಿ ಒಂದು ಒಡೆದೇ ಒಡೆಯುತ್ತದೆ. ಗಫೂರ್ ಭಾಯಿಯ ಕೈಯಲ್ಲಿ ಕೊಸರಿಲ್ಲದ ಲೋಡು ಇದುವರೆಗೆ ಹೊರಬಿದ್ದಿಲ್ಲ.

ಕಲ್ಲು ಮುಂದೆ ಹಡಗಿನಲ್ಲಿ ಹೋಯಿತು. ಹಿಂದೆ ನಾನು ಹೊರಟೆ. ಪದರು ಪದರಾಗಿರುವ ಕಲ್ಲಿದು, ತಪ್ಪು ಕಡೆ ರಂಧ್ರ ಕೊರೆದರೆ ಹಪ್ಪಳದಂತೆ ಬಿಚ್ಚಿಕೊಳ್ಳುತ್ತದೆ. ಅದನ್ನು ಹಚ್ಚುವ ಬಗೆ ತೋರಿಸಿ, ಹಾಗೇ ಉದ್ಘಾಟನೆಯನ್ನೂ ನೋಡಿಕೊಂಡು ಹೋಗಿ ಎಂದು ಕಮಿಟಿಯವರು ಕರೆದಿದ್ದರು.

ಒಬ್ಬನನ್ನೇ ಕರೆದಿದ್ದರು. ಆದರೆ ಸೇಡಂನ ನಮ್ಮ ಬೀಗರು ನೀಲಕಂಠಪ್ಪನವರಿಗೆ, ಯಾವುದೋ ಪ್ರವಾಸ ಕಂಪನಿಯನ್ನು ನಂಬಿ ಮಾಡಿಸಿಟ್ಟ ವೀಸಾ ಒಂದು ಉಪಯೋಗವಿಲ್ಲದೆ ಕೊಳೆಯುತ್ತಿತ್ತು. ಕಂದಾಯ ಇಲಾಖೆಯಲ್ಲಿ ಸಿರಸ್ತೇದಾರರಾಗಿ ನಿವೃತ್ತರಾದವರು, ಏನನ್ನೂ ಕೊಳೆಯಲು ಬಿಡುವವರಲ್ಲ, ಕಡತಗಳನ್ನು ಬಿಟ್ಟು. ಮಗಳನ್ನು ಕೊಟ್ಟ ಮನೆಯ ಯಜಮಾನರು "ನಾನೂ ಬರ್ತೀನ್ರಿ" ಎಂದರೆ ಬೇಡ ಎನ್ನುವ ಧೈರ್ಯ ನಮ್ಮ ಜಿಲ್ಲೆಯಲ್ಲಿ ಯಾರಿಗಿದೆ?

ವಿಮಾನಕ್ಕಾಗಿ ನಾವು ಹಿಡಿಯಬೇಕಿದ್ದ ಹೈದರಾಬಾದಿನ ಗಾಡಿ ವಾಡಿಯಿಂದ ಸೇಡಂ ಮೇಲೆಯೇ ಹೋಗುತ್ತದೆ. ಅವರು ಮನೆಯ ಹತ್ತಿರವೇ ಹತ್ತಬಹುದಿತ್ತು. ಆದರೂ ಮೂರು ಚೀಲ ಹೊತ್ತುಕೊಂಡು ಹಿಂದಕ್ಕೆ ವಾಡಿಗೆ ಬಂದಿದ್ದರು.

"ಯಾಕ್ರಿ ಬೀಗರೆ, ಸೇಡಂದಾಗೇ ಹತ್ತಬೇಕಿಲ್ಲೇನ್ರಿ?"

"ಅಲ್ಲಿ ಹತ್ತಿದ್ರ ಕಿಟಕಿ ಸೀಟ್ ಯಾರ್ ಕೊಡ್ತಾರ್ರಿ? ಮತ್ತ ಅಮೇರಿಕಾಕ್ಕ ಹೊಂಟೋನು ಜಂಕ್ಷನ್ದಾಗೇ ಹತ್ತಬೇಕ್ರಿ. ಅದಕ್ಕೊಂದು ಇಜ್ಜತ್ ಅದ."

ಎಂಟು ತಾಸಿನ ಪ್ರಯಾಣವಾಗಲಿ, ಎರಡು ದಿನದ್ದಾಗಲಿ, ಅವರ ಇಜ್ಜತ್ತು ಕಿಟಕಿಯ ಪಕ್ಕವೇ ಕೂತಿತ್ತು.

ಅಮೆರಿಕದ ಬಾಗಿಲು

ಅಮೆರಿಕ ನಮ್ಮನ್ನು ತೆರೆದ ತೋಳಿನಿಂದ ಸ್ವಾಗತಿಸಲಿಲ್ಲ, ರಬ್ಬರ್ ಕೈಗವಸಿನಿಂದ ಸ್ವಾಗತಿಸಿತು. ವಿಮಾನದಿಂದ ಇಳಿದವರಲ್ಲಿ ಕೆಲವರನ್ನು ಬೇರೆ ಸಾಲಿಗೆ ಕಳಿಸಿದರು. ಯಾರನ್ನೂ ಬೇಕೆಂದು ಆರಿಸುವುದಿಲ್ಲ, ಸುಮ್ಮನೆ ಅಲ್ಲೊಬ್ಬರು ಇಲ್ಲೊಬ್ಬರು ಎಂದು ಅಧಿಕಾರಿ ಬಹಳ ವಿನಯದಿಂದ ಹೇಳಿದ. ನಂಬಿದೆ. ಆ ಸಾಲಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರೆಂದು ಬಂದು ನಿಂತವರೆಲ್ಲ ನನ್ನ ಬಣ್ಣದವರೋ, ನನಗಿಂತ ಒಂದು ಸುತ್ತು ಹೆಚ್ಚು ಕಪ್ಪಿನವರೋ ಆಗಿದ್ದದ್ದು ಕಾಕತಾಳೀಯವೇ ಇರಬೇಕು.

ಬೀಗರ ಚೀಲದಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿಯ ಡಬ್ಬಿ, ವಿಭೂತಿಯ ಗಟ್ಟಿಗಳು. ಬಿಳಿಯ ಗಟ್ಟಿ ಕಂಡ ಕೂಡಲೇ ಆ ಕೋಣೆಯ ಗಾಳಿಯೇ ಬದಲಾಯಿತು. ಅಧಿಕಾರಿ ಅದನ್ನು ಬೆರಳ ತುದಿಯಲ್ಲಿ ಎತ್ತಿ, ಇದೇನೆಂದು ಕೇಳಿದ. ಬೀಗರು ಬಾಯಿಂದ ಹೇಳಿ ಕೆಡುವುದೇಕೆಂದು, ಅಲ್ಲೇ ಬಾಟಲಿಯ ನೀರು ಬಿಟ್ಟು ಕಲಸಿ, ಹಣೆಗೆ ಮೂರು ಬೆರಳು ಎಳೆದುಕೊಂಡು ತೋರಿಸಿದರು. ಅಧಿಕಾರಿಗೆ ಅನುಮಾನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಾಯಿ ತರಿಸಿದ. ನಾಯಿ ವಿಭೂತಿಯನ್ನು ಮೂಸಿ ಸುಮ್ಮನಾಯಿತು. ಪಕ್ಕದ ಶೇಂಗಾ ಹಿಂಡಿಯನ್ನು ಮೂಸಿ ಮಾತ್ರ ಎಷ್ಟು ಸೀನಿತೆಂದರೆ, ಅದನ್ನು ಹಿಡಿದವನು ನಮ್ಮ ಕಡೆ ದುರುಗುಟ್ಟಿಕೊಂಡು ಹೊರಗೆ ಕರೆದೊಯ್ದ.

"ಚಿಂಚೋಳಿ ಚೆಕ್‌ಪೋಸ್ಟ್‌ದಾಗ ಮೂರು ವರ್ಷ ಕುಂತೀನ್ರಿ ನಾನು," ಎಂದರು ಬೀಗರು ಹೊರಬರುತ್ತ, "ಒಬ್ಬರ ರೊಟ್ಟಿ ಗಂಟು ಬಿಚ್ಚಿಸಿಲ್ಲ."

ಲೊರೇನ್ ಅಮ್ಮನ ಮನೆ

ಕಮಿಟಿ ನಮ್ಮನ್ನು ಇಳಿಸಿದ್ದು ಮೈದಾನದ ಹಿಂದಿನ ಬೀದಿಯಲ್ಲಿ, ಒಬ್ಬ ಕಪ್ಪು ಮುದುಕಿಯ ಮನೆಯಲ್ಲಿ. ಹೆಸರು ಲೊರೇನ್. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಈಗ ಹೊರಗಿನಿಂದ ಬಂದವರಿಗೆ ಕೋಣೆ ಬಾಡಿಗೆಗೆ ಕೊಡುತ್ತಾಳೆ. ಬೀಗರು ಮೊದಲ ದಿನವೇ ಅವಳನ್ನು "ಅಮ್ಮ" ಎಂದರು. ಅರ್ಥ ಹೇಳಿದಾಗ, ತನಗೆ ಮಕ್ಕಳಿಲ್ಲ, ಎಪ್ಪತ್ತು ದಾಟಿದ ಮಗ ಸಿಕ್ಕಿದ್ದು ಅನುಕೂಲವಾಯಿತು, ಬಟ್ಟೆ ಒಗೆಯುವ ಕೆಲಸವಿಲ್ಲ ಎಂದಳು. ಇಂಗ್ಲಿಷಿನಲ್ಲೇ ಅಂದಳು. ನಾನಿಲ್ಲಿ ಅವಳನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದೇನೆ.

ಅವಳ ಹಜಾರದಲ್ಲಿ ಒಂದೇ ಫೋಟೋ. ಹಳೆಯ ಬಸ್ಸಿನ ಮೆಟ್ಟಿಲ ಮೇಲೆ ಆಟದ ಉಡುಪಿನಲ್ಲಿ ನಿಂತ ಉದ್ದ ಕೈಯ ಮನುಷ್ಯ. ಅವಳ ಅಪ್ಪ, ಅಮೋಸ್ ಟಕರ್. ಅವನು ಪಿಚರ್, ಅಂದರೆ ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು. ಆಡಿದ್ದು ಇದೇ ಊರಿನ ಇದೇ ಮೈದಾನದಲ್ಲಿ, ಆದರೆ ಬಿಳಿಯರ ಕ್ಲಬ್ಬಿನಲ್ಲಲ್ಲ. ಆಗ ಕಪ್ಪು ಜನರಿಗೆ ಅವರದೇ ತಂಡಗಳಿದ್ದವು, ಅವರದೇ ಲೀಗುಗಳಿದ್ದವು. ಬಿಳಿಯರ ಕ್ಲಬ್ಬು ಪರವೂರಿಗೆ ಆಡಲು ಹೋದ ದಿನ, ಖಾಲಿ ಮೈದಾನವನ್ನು ಕಪ್ಪು ತಂಡಕ್ಕೆ ಬಾಡಿಗೆಗೆ ಕೊಡುತ್ತಿದ್ದರಂತೆ. ಬಾಡಿಗೆ ಹಣಕ್ಕೆ ಬಣ್ಣ ಇರಲಿಲ್ಲ. ಸ್ನಾನದ ಕೋಣೆಗೆ ಇತ್ತು. ಆಟ ಮುಗಿಸಿ ಬೆವರಿನಲ್ಲೇ ಬಸ್ಸು ಹತ್ತಿ, ಊಟ ಕೊಡುವ ಹೋಟೆಲು ಸಿಗದೆ ಬಸ್ಸಿನಲ್ಲೇ ತಿಂದು, ಬಸ್ಸಿನಲ್ಲೇ ಮಲಗಿ, ಮರುದಿನ ಇನ್ನೊಂದು ಊರಿನಲ್ಲಿ ಇಳಿದು ಆಡುತ್ತಿದ್ದರು.

"ಒಂದು ವರ್ಷ ಹಂಗಾಮು ಮುಗಿದ ಮೇಲೆ, ಜನ ಸೇರುತ್ತಾರೆ ಎಂದು ಎರಡೂ ತಂಡಗಳನ್ನು ಆಡಿಸಿದರು," ಎಂದಳು ಲೊರೇನ್. "ಈಗ ನಿಮ್ಮ ಕಲ್ಲಿನ ಮೇಲೆ ಹೆಸರು ಬರುತ್ತಿರುವವರಲ್ಲಿ ಮೂವರು ಆ ದಿನ ಆಡಿದ್ದರು. ಮೂವರನ್ನೂ ಅಪ್ಪ ಔಟ್ ಮಾಡಿದ. ನಾನು ಅಮ್ಮನ ತೊಡೆಯ ಮೇಲೆ ಕೂತು ನೋಡಿದ್ದೇನೆ."

"ಪೇಪರಿನಲ್ಲಿ ಬಂದಿರಬೇಕಲ್ಲ?" ಎಂದೆ.

"ಮಳೆ ಬರಲಿಲ್ಲ, ಆಟ ಚೆನ್ನಾಗಿ ನಡೆಯಿತು ಎಂದು ಬಂದಿತ್ತು."

ಅಪ್ಪನ ಹೆಸರೂ ಗೋಡೆಯ ಮೇಲೆ ಇರಲಿ ಎಂದು ಅವಳು ಕಮಿಟಿಯನ್ನು ಮತ್ತೆ ಮತ್ತೆ ಕೇಳಿದ್ದಳು. ಕ್ಲಬ್ಬಿನ ದಾಖಲೆಯಲ್ಲಿ ಅವನಿಲ್ಲ ಎಂಬುದು ಉತ್ತರ. ಕ್ಲಬ್ಬು ಸೇರಿಸಿಕೊಳ್ಳದವನು ಕ್ಲಬ್ಬಿನ ದಾಖಲೆಯಲ್ಲಿ ಹೇಗಿರುತ್ತಾನೆ ಎಂಬ ಸಣ್ಣ ಪ್ರಶ್ನೆಗೆ ಕಮಿಟಿಯ ಹತ್ತಿರ ಸಮಯವಿರಲಿಲ್ಲ. ಗೋಡೆ ಒಮ್ಮೆ ಕಟ್ಟಿದರೆ ಮುಗಿಯಿತು, ತಾನಿರುವಾಗ ಈ ಊರು ಇನ್ನೊಂದು ಗೋಡೆ ಕಟ್ಟುವುದಿಲ್ಲ ಎಂದು ಅವಳು ಬಟ್ಟಲು ಒರೆಸುತ್ತ ಹೇಳಿದಳು.

ಮೈದಾನ

ಕಮಿಟಿಯ ಅಧ್ಯಕ್ಷ ಹ್ಯಾಂಕ್, ಮೊದಲು ವಿಮೆ ಮಾರುತ್ತಿದ್ದವನು. ಕೆಂಪು ಟೋಪಿ, ಕೆಂಪು ಮುಖ, ಒಳ್ಳೆಯ ಮನುಷ್ಯ. ನಾವು ಬಂದ ಖುಷಿಗೆ ಒಂದು ಪಂದ್ಯಕ್ಕೆ ಕರೆದೊಯ್ದ.

ಬೇಸ್‌ಬಾಲ್ ಎಂದರೆ, ನಮ್ಮ ಚಿಣಿಫಣಿಯನ್ನು, ಅಂದರೆ ಚಿನ್ನಿದಾಂಡನ್ನು, ಲಕ್ಷಾಂತರ ಸಂಬಳ ಕೊಟ್ಟು ಆಡಿಸಿದ ಹಾಗೆ. ಬಹಳ ಹೊತ್ತು ಯಾರೂ ಏನೂ ಮಾಡುವುದಿಲ್ಲ. ಒಬ್ಬ ಉಗುಳುತ್ತಾನೆ, ಇನ್ನೊಬ್ಬ ಟೋಪಿ ಸರಿ ಮಾಡಿಕೊಳ್ಳುತ್ತಾನೆ, ಆಮೇಲೆ ಒಂದು ಚೆಂಡು ಬರುತ್ತದೆ, ಅದನ್ನು ಯಾರೂ ಹೊಡೆಯುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎಸೆಯುವವನ ಕಣ್ಣು ತಪ್ಪಿಸಿ ಓಟಗಾರ ಬೇಸ್ ಎಂಬ ಮುಂದಿನ ನಿಲ್ದಾಣಕ್ಕೆ ಓಡಿದರೆ ಅದಕ್ಕೆ ಕದಿಯುವುದು ಎಂದೇ ಹೆಸರು, ಮತ್ತು ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ. ಜನ ಮಾತ್ರ ನಮ್ಮವರೇ ಅನ್ನಿಸಿತು, ಏಕೆಂದರೆ ಇಡೀ ಮೈದಾನ ಶೇಂಗಾ ತಿನ್ನುತ್ತಿತ್ತು. ಸಿಪ್ಪೆ ಬಿಡಿಸಿ ಕಾಲಬುಡಕ್ಕೇ ಬಿಡುತ್ತಿದ್ದರು.

"ನೋಡ್ರಿ," ಎಂದರು ಬೀಗರು ತೃಪ್ತಿಯಿಂದ, "ಸುಮ್ಕ ನಾವು ವಾಡಿ ಸ್ಟೇಷನ್ನಿಗೆ ಬೈತೀವಿ."

ಪಂದ್ಯ ಮುಗಿಯುವ ಮುಂಚೆ ಒಮ್ಮೆ ಎಲ್ಲರೂ ಎದ್ದು ನಿಂತು ಹಾಡತೊಡಗಿದರು. ಬೀಗರು ರಾಷ್ಟ್ರಗೀತೆಯೆಂದು ಕೈ ಬಿಗಿಹಿಡಿದು, ಎದೆ ಸೆಟೆಸಿ, ಕದಲದೆ ನಿಂತರು. ಅದು ಕೈಕಾಲು ಸಡಿಲ ಮಾಡಿಕೊಳ್ಳುವ ಹಾಡು ಎಂದು ಹ್ಯಾಂಕ್ ಆಮೇಲೆ ಹೇಳಿದ. ಅಷ್ಟರಲ್ಲಿ ಹಿಂದಿನ ಸಾಲಿನ ನಾಲ್ಕು ಜನರೂ ಬೀಗರನ್ನು ನೋಡಿ ನೆಟ್ಟಗೆ ನಿಂತಿದ್ದರು.

ಮೈದಾನದ ಕೆಳಗೆ ಒಂದು ಕೋಣೆಯಲ್ಲಿ ಆಟದ ಇತಿಹಾಸ ಇಟ್ಟಿದ್ದಾರೆ. ಹ್ಯಾಂಕ್ ಅದನ್ನು ಮನೆಯ ದೇವರ ಕೋಣೆಯಂತೆ ತೋರಿಸಿದ. ಆ ದೇವರುಗಳ ಕತೆ ನಮ್ಮ ಪುರಾಣಗಳಿಗೆ ಕಡಿಮೆಯಿಲ್ಲ. ಒಂದು ಕಾಲದಲ್ಲಿ ಒಂದು ದೊಡ್ಡ ತಂಡದವರು ವರ್ಷದ ಕೊನೆಯ ಪಂದ್ಯಗಳನ್ನೇ ಜೂಜುಕೋರರಿಗೆ ಮಾರಿಕೊಂಡರಂತೆ. ಕೋರ್ಟು ಬಿಟ್ಟಿತು, ಆಟ ಬಿಡಲಿಲ್ಲ, ಜನ್ಮ ಪೂರ್ತಿ ಹೊರಗೆ ಹಾಕಿತು. ಇನ್ನೊಂದು ಕಾಲದಲ್ಲಿ ಔಷಧಿ ಚುಚ್ಚಿಕೊಂಡು ಕೊರಳು ತೊಡೆಯಷ್ಟಾದ ವೀರರು ಹಳೆಯ ದಾಖಲೆಗಳನ್ನೆಲ್ಲ ಮುರಿದರು. ಮೊನ್ನೆ ಮೊನ್ನೆ ಒಂದು ತಂಡ ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು, ಕಸದ ಡಬ್ಬಿ ಬಡಿದು ತನ್ನವರಿಗೆ ತಿಳಿಸುತ್ತಿತ್ತಂತೆ. ಅಷ್ಟೊಂದು ಯಂತ್ರ ಕಂಡುಹಿಡಿದ ದೇಶ, ಮೋಸಕ್ಕೆ ಮಾತ್ರ ಡಬ್ಬಿಯನ್ನೇ ನಂಬಿತು.

"ಕಪ್ಪು ಆಟಗಾರರನ್ನು ಬಿಡಬಾರದೆಂದು ಕಾನೂನು ಇತ್ತೇ?" ಎಂದು ಬೀಗರು ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಸರ್," ಎಂದ ಹ್ಯಾಂಕ್, ಟೋಪಿ ತೆಗೆದು. "ಎಲ್ಲೂ ಒಂದು ಸಾಲೂ ಬರೆದಿರಲಿಲ್ಲ. ಮಾಲೀಕರ ನಡುವೆ ಬಾಯಿಮಾತು. ಸಭ್ಯರ ಒಪ್ಪಂದ ಅನ್ನುತ್ತಿದ್ದರು. ತಲೆಮಾರುಗಟ್ಟಲೆ ಯಾರೂ ಮುರಿಯಲಿಲ್ಲ."

ನನಗೆ ಅರ್ಥವಾಯಿತು. ನಮ್ಮ ಕಡೆಯ ಚಹಾದ ಹೋಟೆಲುಗಳಲ್ಲೂ ಕೆಲವರಿಗೆ ಬೇರೆ ಲೋಟ ಇಡಬೇಕೆಂದು ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ಲೋಟ ಮಾತ್ರ ಬೇರೆ ಗೂಟಕ್ಕೆ ತೂಗುತ್ತಿತ್ತು. ಸಭ್ಯರು ಎಲ್ಲ ದೇಶದಲ್ಲೂ ಇದ್ದಾರೆ.

ಈಚೆಗೆ ದೇಶದ ದೊಡ್ಡ ಸಂಸ್ಥೆಯವರು ಆ ಕಾಲದ ಕಪ್ಪು ಲೀಗುಗಳ ದಾಖಲೆಗಳನ್ನೂ ಮುಖ್ಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆಂದು ಹ್ಯಾಂಕ್ ಹೆಮ್ಮೆಯಿಂದ ಹೇಳಿದ. ಆದರೆ ಅಮೋಸನ ತಂಡದಂಥ ಸಣ್ಣ ತಂಡಗಳು ಅದರಲ್ಲೂ ಬರಲಿಲ್ಲ. ಬೀಗರು ನನ್ನ ಕಿವಿಯಲ್ಲಿ ಅಂದರು: "ನಮ್ಮ ಡಿಪಾರ್ಟ್‌ಮೆಂಟಿನಂಗೇ ಅದರಿ. ಸತ್ತ ಮ್ಯಾಲ ಪ್ರಮೋಷನ್. ಅದೂ ಎಲ್ಲಾರಿಗೂ ಇಲ್ಲ."

ಕಮಿಟಿಯ ಕೋಣೆ

ಮರುದಿನ ಕಂಟೇನರ್ ಬಿಚ್ಚಿದರು. ನನ್ನ ವ್ಯಾಪಾರದ ಆಯುಷ್ಯದಲ್ಲಿ ಮೊದಲ ಸಲ ಒಂದು ಕಲ್ಲೂ ಒಡೆದಿರಲಿಲ್ಲ. ನಾನು ಹಿಗ್ಗಿದೆ. ಹ್ಯಾಂಕ್ ಎಣಿಸಿ ಮುಖ ಸಣ್ಣ ಮಾಡಿದ. ಹನ್ನೆರಡು ಕೇಳಿದ್ದು, ಹದಿಮೂರು ಬಂದಿವೆ. ಅವರಲ್ಲಿ ಹದಿಮೂರು ಅಪಶಕುನವಂತೆ. ಚಂದ್ರನ ಮೇಲೆ ಇಳಿದು ಬಂದ ಜನ, ಲಿಫ್ಟಿನಲ್ಲಿ ಹದಿಮೂರನೇ ಮಾಳಿಗೆ ಹಾರಿ ಹೋಗುತ್ತಾರೆ.

ಹೆಚ್ಚಿನ ಕಲ್ಲನ್ನು ಏನು ಮಾಡುವುದೆಂದು ಚರ್ಚಿಸಲು ಕಮಿಟಿ ಕೂಡಿತು. ಕೊಸರು ಎಂದರೇನೆಂದು ನಾನು ಮೂರು ರೀತಿ ಹೇಳಿ ನೋಡಿದೆ. ತಪ್ಪಿ ಬಂದದ್ದೋ ಎಂದು ಕೇಳಿದರು. ಅಲ್ಲ. ಬಿಲ್ಲಿನಲ್ಲಿ ಇದೆಯೋ? ಇಲ್ಲ. ಹಾಗಾದರೆ ವಾಪಸು ಒಯ್ಯಿರಿ ಎಂದರು.

ಬೀಗರು ಎದ್ದು ನಿಂತರು. "ಕೊಟ್ಟ ಕೊಸರು ವಾಪಸ್ ಕೊಡೋದಂದ್ರ ನಮ್ಮ ಕಡೆ ಮಾರಿಗೆ ಹೊಡದಂಗ. ಅವರಿಗೆ ಹೇಳ್ರಿ."

ಹೇಳಿದೆ. ಅವರಿಗೆ ಯಾರ ಮುಖಕ್ಕೂ ಹೊಡೆಯುವ ಇಚ್ಛೆ ಇರಲಿಲ್ಲ. ಕಲ್ಲನ್ನು ಬದಿಗಿಟ್ಟು, ತಮ್ಮ ನಿಜವಾದ ಜಗಳಕ್ಕೆ ಮರಳಿದರು. ಹನ್ನೆರಡು ಹೆಸರುಗಳಲ್ಲಿ ಒಬ್ಬ, ತನ್ನ ತಂಡದ ಪಂದ್ಯದ ಮೇಲೆ ತಾನೇ ಬಾಜಿ ಕಟ್ಟಿ ಸಿಕ್ಕಿಬಿದ್ದವನು. ಇನ್ನೊಬ್ಬ, ಚುಚ್ಚುಮದ್ದಿನ ಕೊರಳಿನವನು, ಬದುಕಿದ್ದಾನೆ, ಉದ್ಘಾಟನೆಗೂ ಬರುತ್ತಾನೆ. ಇಬ್ಬರ ಹೆಸರೂ ಇರಬೇಕೇ ಬೇಡವೇ ಎಂದು ಮಧ್ಯಾಹ್ನದವರೆಗೆ ವಾದ ನಡೆಯಿತು. ಮೈದಾನದ ಆಟ ಬೇರೆ, ಮನುಷ್ಯನ ನಡತೆ ಬೇರೆ ಎಂದು ಹ್ಯಾಂಕ್ ಕಣ್ಣು ಒದ್ದೆ ಮಾಡಿಕೊಂಡು ಹೇಳಿದ ಮೇಲೆ ಇಬ್ಬರೂ ಉಳಿದರು. ಆಟ ಮಾರಿದವನಿಗೂ ಆಟಕ್ಕೆ ವಿಷ ಬೆರೆಸಿದವನಿಗೂ ಅಷ್ಟು ಕಣ್ಣೀರು, ಅಷ್ಟು ವಾದ. ಅಮೋಸ್ ಟಕರನ ಬಗ್ಗೆ ವಾದವೂ ಇಲ್ಲ. ಅವನು ಮಾಡಿದ ತಪ್ಪೇನೆಂದರೆ ಯಾವ ತಪ್ಪೂ ಮಾಡದೆ ಉಳಿದದ್ದು. ಒಂದು ಬಾಜಿಯಾದರೂ ಕಟ್ಟಿದ್ದರೆ ಹೆಸರು ಚರ್ಚೆಗೆ ಬರುತ್ತಿತ್ತು.

ಏಳುವ ಹೊತ್ತಿಗೆ ಹ್ಯಾಂಕನಿಗೆ ಒಂದು ಉಪಾಯ ಹೊಳೆಯಿತು. ಇಂಡಿಯಾದಿಂದ ಕಲ್ಲು ತಂದ ಅತಿಥಿ, ಒಂದು ಕಲ್ಲು ಉಡುಗೊರೆ ಕೊಟ್ಟಿದ್ದಾನೆ. ಅದನ್ನೂ ಗೋಡೆಗೆ ಹಚ್ಚೋಣ, ಪೇಪರಿನಲ್ಲಿ ಚೆನ್ನಾಗಿ ಕಾಣುತ್ತದೆ. ನನ್ನ ಭುಜದ ಮೇಲೆ ಕೈಯಿಟ್ಟು, ಎಲ್ಲರ ಎದುರಿಗೆ ಅಂದ: "ನಿಮ್ಮ ಕಲ್ಲು, ನಿಮ್ಮ ಮಾತು. ಏನು ಬೇಕೋ ಅದನ್ನು ಕೆತ್ತಿಸಿ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಇಲ್ಲಿ ನಮ್ಮೂರಿನ ವಿಷಯ ಹೇಳಬೇಕು. ನಾನು ಗುಂಡಗುರ್ತಿಯವನು. ಅಲ್ಲಿಯ ಗುಡಿಯಲ್ಲಿ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆದಿದೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು, ದಾನಿ ದರ್ಶನಕ್ಕೆ ಬಂದಾಗ ಎಂಥ ಬೇಸಗೆಯಲ್ಲೂ ಬಂದ್ ಮಾಡುತ್ತಾರೆ. ನಾನು ಅದನ್ನು ನೋಡಿ ನಕ್ಕವನು. ಹ್ಯಾಂಕ್ ಹಾಗೆಂದ ಕ್ಷಣದಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು ಎಲ್ಲ ಅಮೆರಿಕದ ಗೋಡೆಯ ಮೇಲೆ ಸಾಲಾಗಿ ಕೂತುಬಿಟ್ಟವು. ಬೀಗರು ಆಗಲೇ ಮೊಬೈಲು ತೆಗೆದು ಬೀಗರ ಬಳಗದ ಗುಂಪಿಗೆ ಸುದ್ದಿ ಹಾಕಿದ್ದರು. ಮನೆ ಮುಟ್ಟುವಷ್ಟರಲ್ಲಿ ಸೇಡಂನಿಂದ ಮುಧೋಳದವರೆಗೆ ಅಭಿನಂದನೆಗಳು ಬಂದಿದ್ದವು.

"ಕೆಳಗ ಸೇಡಂ ಅಂತ ಹಾಕಸ್ರಿ," ಎಂದರು ಬೀಗರು. "ಸಣ್ಣ ಅಕ್ಷರ ಆದ್ರೂ ನಡೀತದ."

ಲೊರೇನ್‌ಗೆ ಸುದ್ದಿ ಮೊದಲೇ ತಿಳಿದಿತ್ತು. ಸಾಯಂಕಾಲ ಊಟಕ್ಕೆ ಬಡಿಸುತ್ತ, "ಒಳ್ಳೆಯದಾಯಿತು, ಕಲ್ಲು ತಂದವರ ಹೆಸರೂ ಇರಬೇಕಾದದ್ದೇ," ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನಾನು ಸುಖವಾಗಿ ಉಣ್ಣುತ್ತಿದ್ದೆ. ಅಮೋಸನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತಿದ್ದೆ. ನಾಳೆಯಿಂದ ಬೇರೆ ಕುರ್ಚಿಯಲ್ಲಿ ಕೂರಬೇಕು ಎಂದುಕೊಂಡೆ. ಆಮೇಲೆ, ಕುರ್ಚಿ ಬದಲಿಸಿದರೆ ಮುಗಿಯುವ ಸಂಗತಿಯಲ್ಲ ಇದು ಎಂದು ಗೊತ್ತಾಯಿತು. ನಾಚಿಕೆಯಾಯಿತು.

ಬೆಳಗ್ಗೆ ಅಂಗಳದಲ್ಲಿ ಬೀಗರಿಗೆ ಹೇಳಿದೆ: "ಬೀಗರೆ, ಆ ಕಲ್ಲಿನ ಮ್ಯಾಲ ಅಮ್ಮನ ಅಪ್ಪನ ಹೆಸರು ಹಾಕಸ್ಬೇಕಂತ ಮಾಡೀನ್ರಿ."

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಬಹಳ ಹೊತ್ತು ವಿಭೂತಿ ಹಚ್ಚಿಕೊಂಡರು.

"ನನ್ನ ಪ್ರಮೋಷನ್ ಆರ್ಡರ್ ರಿಟೈರ್ ಆದ ಮ್ಯಾಲ ಬಂತ್ರಿ," ಎಂದರು ಕೊನೆಗೆ. "ನಿಮಗ ಹೇಳಿಲ್ಲ. ಫ್ರೇಮ್ ಹಾಕ್ಸಿ ಗ್ವಾಡಿಗಿ ಹಚ್ಚೀನಿ. ಅದನ್ನ ನೋಡಿದಾಗೆಲ್ಲ ಸಿಟ್ಟು ಬರ್ತದ. ಆದ್ರ ಒಂದಿನಾನೂ ತಗದಿಲ್ಲ."

"ಗುಂಪಿನ್ಯಾಗ ಹಾಕಿದ್ದಕ್ಕ ಏನ್ ಹೇಳ್ತೀರಿ?"

"ಕ್ಯಾನ್ಸಲ್ ಅಂತ ಹೇಳ್ತೀನಿ. ಸರ್ಕಾರಿ ಕೆಲಸದಾಗ ಇದ್ದೋನ್ರಿ ನಾ, ಕ್ಯಾನ್ಸಲ್ ಮಾಡಾಕ ನನಗೇನ್ ಕಲಿಸ್ತೀರಿ? ನಡ್ರಿ, ಕಮಿಟಿ ಕಡಿ ಹೋಗಮ."

ಹ್ಯಾಂಕ್ ನಮ್ಮ ಮಾತು ಕೇಳಿ ಕುಳಿತಲ್ಲೇ ಸರಿದಾಡಿದ. ಲೊರೇನ್ ತನಗೂ ಬೇಕಾದವಳೇ, ಆದರೆ ಕೊಟ್ಟವರ ಹೆಸರು ಎಂಬ ಅರ್ಥದಲ್ಲಿ ತಾನು ಹೇಳಿದ್ದು ಎಂದ. ಬೀಗರು ಕಡತ ಮುಂದಿಟ್ಟುಕೊಂಡವರಂತೆ ಮೇಜಿನ ಮೇಲೆ ಎರಡೂ ಕೈ ಊರಿದರು.

"ತಾವು ಹೇಳಿದ್ದು, ಏನು ಬೇಕೋ ಅದು. ಕಲ್ಲು ಕೊಟ್ಟವರ ಹೆಸರು ಎನ್ನಲಿಲ್ಲ."

"ಅದು ಸುಮ್ಮನೆ ಆಡಿದ ಮಾತು ಸರ್. ಬರವಣಿಗೆಯಲ್ಲಿ ಇಲ್ಲ."

"ಕಪ್ಪು ಜನರನ್ನು ಹೊರಗಿಟ್ಟದ್ದು ಬರವಣಿಗೆಯಲ್ಲಿ ಇತ್ತೇ?" ಬೀಗರ ದನಿ ಏರಲಿಲ್ಲ. "ಕೆಳಗಿನ ಕೋಣೆಯಲ್ಲಿ ತಾವೇ ಹೇಳಿದಿರಿ. ಒಂದು ಸಾಲೂ ಇಲ್ಲ, ಬಾಯಿಮಾತು. ತಲೆಮಾರುಗಟ್ಟಲೆ ಯಾರೂ ಮುರಿಯಲಿಲ್ಲ. ಬಾಯಿಮಾತು ಅಷ್ಟು ಗಟ್ಟಿಯಾಗಿರುವ ಆಟದಲ್ಲಿ, ನಿನ್ನೆಯ ಮಾತು ಇವತ್ತೇ ಮುರಿಯುವುದೇ?"

ಕಮಿಟಿಯಲ್ಲಿದ್ದ ಒಬ್ಬ ಹೆಂಗಸು ಬಾಯಿಗೆ ಕೈ ಹಿಡಿದು ನಕ್ಕುಬಿಟ್ಟಳು. ಹ್ಯಾಂಕನ ಕೆಂಪು ಮುಖ ಟೋಪಿಗಿಂತ ಕೆಂಪಾಯಿತು. ಅವನು ಕಿಟಕಿಯ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ಕೊನೆಗೆ ಕಾಗದ ಎಳೆದುಕೊಂಡು ಪೆನ್ನು ತೆಗೆದ.

"ಅವರ ಪೂರ್ತಿ ಹೆಸರು ಹೇಳಿ," ಎಂದ.

ಗೋಡೆ

ಉದ್ಘಾಟನೆಯ ದಿನ ಊರಿಗೆ ಊರೇ ಬಂದಿತ್ತು. ಕಲ್ಲುಗಳನ್ನು ನಾನೇ ನಿಂತು ಹಚ್ಚಿಸಿದ್ದೆ. ಆರರ ಎರಡು ಸಾಲು, ಕೆಳಗಿನ ಸಾಲಿನ ಕೊನೆಗೆ ಹೆಚ್ಚಿನ ಒಂದು. ಅಪಶಕುನ ಎಂದವರು ಯಾರೂ ಈಗ ಅಪಶಕುನ ಎನ್ನಲಿಲ್ಲ. ಪೇಪರಿನವರು ಫೋಟೋ ತೆಗೆದುಕೊಂಡಾಗ ಎಲ್ಲರೂ ಆ ಕೊನೆಯ ಕಲ್ಲಿನ ಪಕ್ಕವೇ ನಿಂತುಕೊಂಡರು.

ಹ್ಯಾಂಕ್ ಭಾಷಣ ಮಾಡಿದ. ಈ ಊರು ಮೊದಲಿನಿಂದಲೂ ಎಲ್ಲರನ್ನೂ ಸಮಾನವಾಗಿ ಕಂಡ ಊರು, ಅಮೋಸ್ ಟಕರ್ ನಮ್ಮೆಲ್ಲರ ಹೆಮ್ಮೆ, ಆ ಹೆಸರು ಗೋಡೆಯ ಮೇಲೆ ಬರಬೇಕೆಂಬುದು ಕಮಿಟಿಯ ಬಹುದಿನದ ಕನಸು ಎಂದ. ನಾಲ್ಕು ದಿನವೂ ಬಹುದಿನವೇ ತಾನೆ. ಚುಚ್ಚುಮದ್ದಿನ ವೀರ ತನ್ನ ಹೆಸರಿನ ಕೆಳಗೆ ನಿಂತು ಮಕ್ಕಳ ಟೋಪಿಗಳ ಮೇಲೆ ಸಹಿ ಹಾಕಿಕೊಡುತ್ತಿದ್ದ. ಬಾಜಿ ಕಟ್ಟಿದವನ ಮೊಮ್ಮಕ್ಕಳು ಕಲ್ಲಿಗೆ ಹೂವು ಇಟ್ಟರು.

ಲೊರೇನ್ ನೀಲಿ ಅಂಗಿ ಹಾಕಿಕೊಂಡು, ಜನ ಕರಗುವವರೆಗೂ ಕುರ್ಚಿಯಲ್ಲೇ ಕೂತಿದ್ದಳು. ಆಮೇಲೆ ಎದ್ದು ಬಂದು ಕಲ್ಲಿನ ಮೇಲೆ ಬೆರಳಾಡಿಸಿದಳು, ಒಂದೊಂದೇ ಅಕ್ಷರ, ಅವಸರವಿಲ್ಲದೆ. ಅವಳ ಹೆಗಲು ಅಲುಗುತ್ತಿತ್ತು. ಬೀಗರು ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡರು. ನಾನು ಮಾಡಿದ್ದನ್ನು ಮುಚ್ಚಿಡುವುದೇನು: ಈಗ ಧನ್ಯವಾದ ಬರುತ್ತದೆ ಎಂದು ಮುಖವನ್ನು ಸರಿಯಾಗಿ ವಿನಯಕ್ಕೆ ಹೊಂದಿಸಿಕೊಂಡು ನಿಂತಿದ್ದೆ.

ಅವಳು ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಈ ಹೆಚ್ಚಿನ ಕಲ್ಲಿಗೆ ನಿಮ್ಮ ಭಾಷೆಯಲ್ಲಿ ಏನೋ ಹೆಸರಿದೆ ಎಂದಿರಲ್ಲ?"

"ಕೊಸರು," ಎಂದೆ ಹುರುಪಿನಿಂದ. "ಅಳತೆ ಮುಗಿದ ಮೇಲೆ, ಪ್ರೀತಿಗೆ, ಬಿಟ್ಟಿಯಾಗಿ ಕೊಡುವುದು."

ಅವಳು ಆ ಪದವನ್ನು ಎರಡು ಸಲ ತನ್ನ ನಾಲಿಗೆಯ ಮೇಲೆ ಹೊರಳಿಸಿದಳು.

"ಕಲ್ಲು ಕೊಸರು ಇರಬಹುದು," ಎಂದಳು. "ನಮ್ಮಪ್ಪ ಕೊಸರಲ್ಲ. ಅವನು ಅಳತೆಯಲ್ಲೇ ಇದ್ದ. ಅಳೆದವರು ಬಿಟ್ಟಿದ್ದರು."

ನಾನು ಹೊಂದಿಸಿಕೊಂಡಿದ್ದ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಲೊರೇನ್ ನನ್ನ ತೋಳು ಹಿಡಿದುಕೊಂಡಳು, ಇನ್ನೊಂದು ಕೈಯಿಂದ ಬೀಗರ ತೋಳು.

"ನಡೆಯಿರಿ, ಅನ್ನ ಆರಿಹೋಗುತ್ತದೆ," ಎಂದಳು.

ಶಹಾಬಾದ್

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು, ಅಲ್ಲಿ ಏನೇನು ನೋಡಿದಿರಿ ಎಂದು. ಬೀಗರು ಗುಂಪಿನಲ್ಲಿ ಗೋಡೆಯ ಫೋಟೋ ಹಾಕಿದ್ದರು. ಎಲ್ಲಿ ನಿಮ್ಮ ಹೆಸರು ಎಂದು ಕುರಕುಂಟಾದ ಒಬ್ಬರು ಕೇಳಿದರೆ, ಕ್ಯಾನ್ಸಲ್ ಆಗಿದೆ, ಕಾರಣ ಕಡತದಲ್ಲಿದೆ ಎಂದು ಉತ್ತರ ಕೊಟ್ಟರು.

ನಾನು ಕಾರ್ಖಾನೆಗೆ ಹೋದಾಗ ಗಫೂರ್ ಭಾಯಿ ಮುಂದಿನ ಲೋಡು ಕಟ್ಟಿಸುತ್ತಿದ್ದರು. ಹುಲ್ಲು ಹಾಸಿದ ಪೆಟ್ಟಿಗೆ, ನಿಲ್ಲಿಸಿಟ್ಟ ಕಲ್ಲುಗಳು, ಪಕ್ಕದಲ್ಲಿ ಬೇರೆಯಾಗಿ ಒರಗಿಸಿದ ಒಂದು ಕಲ್ಲು.

"ಸಾವ್ಕಾರ್ರ, ಕೊಸರು ಇಡ್ಲೇನ್ರಿ?"

"ಇಡ್ರಿ ಭಾಯಿ," ಎಂದೆ. "ಮೊದಲ ಅಳತಿ ಸರಿ ಅದ ಏನ್ ನೋಡ್ರಿ. ಯಾವ್ದೂ ಬಿಟ್ಟಿಲ್ಲಂತ ಖಾತ್ರಿ ಮಾಡ್ಕೊಂಡು, ಆಮ್ಯಾಲ ಕೊಸರು."

ಅಮೆರಿಕಕ್ಕೆ ಹೋಗಿ ಬಂದು ಸಾವ್ಕಾರರ ತಲೆ ಸ್ವಲ್ಪ ಕೆಟ್ಟಿದೆ ಎಂಬಂತೆ ಗಫೂರ್ ಭಾಯಿ ನನ್ನ ಮುಖ ನೋಡಿದರು. ಆದರೂ ಮೊದಲಿನಿಂದ ಎಣಿಸತೊಡಗಿದರು.